ಹತ್ತೊಂಬತ್ತು ತಿಂಗಳ ಖಾಲಿ ಜಾಗ

ಜೂನ್ ೧೭, ಮಂಗಳವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹಿಂದಿನ ಒಂದು ಡಿಟಿಪಿ ಅಂಗಡಿಯಲ್ಲಿ ನನ್ನ ಮೊದಲ ರೆಸ್ಯೂಮೆ ಮಾಡಿಸಲು ಕೂತೆ. ಅಂಗಡಿ ನಡೆಸುವ ಅಕ್ಕ ಟೈಪ್ ಮಾಡುತ್ತಲೇ ಪ್ರಶ್ನೆ ಕೇಳುತ್ತಿದ್ದರು. ಹೆಸರು, ಊರು ಕಾಪು, ಐಟಿಐಯಲ್ಲಿ ರೆಫ್ರಿಜರೇಶನ್ ಮತ್ತು ಏಸಿ ಮೆಕ್ಯಾನಿಕ್, ಒಂದು ವರ್ಷ ಅಪ್ರೆಂಟಿಸ್. ಅಲ್ಲಿಯವರೆಗೆ ನನ್ನ ದನಿ ಸರಿಯಾಗಿಯೇ ಇತ್ತು.

"ಅಪ್ರೆಂಟಿಸ್ ಮುಗಿದು ಎರಡು ವರ್ಷ ಆಯ್ತಲ್ಲ. ಆಮೇಲೆ ಎಂತ ಮಾಡಿದ್ದು?"

"ಮನೆಯಲ್ಲಿದ್ದೆ."

ಅವರ ಬೆರಳು ನಿಂತಿತು. "ಎರಡು ವರ್ಷ ಮನೆಯಲ್ಲಾ? ಮದುವೆ ಗೊತ್ತಾದ ಹುಡುಗಿಯ ಹಾಗೆ?"

"ಹೌದು ಅಕ್ಕ."

"ಆಯ್ತು ಮಾರಾಯ. ನಿನ್ನ ಮನೆ, ನಿನ್ನ ಎರಡು ವರ್ಷ."

ನಾನು ಮನೆಯಲ್ಲಿರಲಿಲ್ಲ. ಆ ಎರಡು ವರ್ಷಗಳಲ್ಲಿ ಹತ್ತೊಂಬತ್ತು ತಿಂಗಳು ಮೀನುಗಾರಿಕೆಯ ದೋಣಿಗಳಿಗೆ ಮಂಜುಗಡ್ಡೆ ಕೊಡುವ ಒಂದು ಐಸ್ ಪ್ಲಾಂಟಿನಲ್ಲಿ ಅಮೋನಿಯಾ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದೆ. ಈ ವರ್ಷದ ಜನವರಿ ೯ರಂದು ನನ್ನ ಪಾಳಿಯಲ್ಲಿ ಅಮೋನಿಯಾ ಸೋರಿತು. ಇಬ್ಬರು ಕೆಲಸಗಾರರು ಆಸ್ಪತ್ರೆ ಸೇರಿದರು. ನನ್ನನ್ನು ಯಾರೂ ತೆಗೆದುಹಾಕಲಿಲ್ಲ. ಫೆಬ್ರವರಿ ೨೮ಕ್ಕೆ ನಾನೇ ಬಿಟ್ಟೆ.

ಈ ಕಸುಬು ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ. ಆದರೆ ರೆಸ್ಯೂಮೆಯಲ್ಲಿ ಆ ಪ್ಲಾಂಟಿನ ಹೆಸರು ಬರೆದರೆ ಯಾರಾದರೂ ಅಲ್ಲಿಗೆ ಫೋನ್ ಮಾಡುತ್ತಾರೆ. ಮಾಡಿದರೆ ಜನವರಿ ೯ ಹೊರಗೆ ಬರುತ್ತದೆ. ಬಂದರೆ ಈ ಜಿಲ್ಲೆಯ ಯಾವ ಯಂತ್ರದ ಕೋಣೆಗೂ ನನ್ನನ್ನು ಬಿಡುವುದಿಲ್ಲ. ಈ ಮೂರನ್ನೂ ಡೈರಿಯಲ್ಲಿ ಒಂದರ ಕೆಳಗೊಂದು ಬರೆದು ನೋಡಿ, ಹಾಗಾದರೆ ಬರೆಯುವುದು ಬೇಡ ಎಂದು ತೀರ್ಮಾನ ಮಾಡಿಕೊಂಡೇ ಅಂಗಡಿಗೆ ಹೋಗಿದ್ದೆ.

ಅಂದು ತಯಾರಾದ ರೆಸ್ಯೂಮೆ ನೋಡಲು ಚೆನ್ನಾಗಿತ್ತು. ಎಡಗಡೆ ನೀಲಿ ಪಟ್ಟಿ, ಅದರಲ್ಲಿ ಫೋಟೋ, ಪಕ್ಕದಲ್ಲಿ ಎರಡನೇ ಕಾಲಂ, ಪ್ರತಿಯೊಂದು ಕೌಶಲ್ಯಕ್ಕೂ ಐದರಲ್ಲಿ ಇಷ್ಟು ನಕ್ಷತ್ರ. ಜುಲೈ ೫ರವರೆಗಿನ ಲೆಕ್ಕ: ಕಳಿಸಿದ್ದು ಇಪ್ಪತ್ತಾರು, ಯಂತ್ರವೇ ಕಳಿಸಿದ ಸ್ವೀಕೃತಿ ಮೂರು, ಮನುಷ್ಯರ ಫೋನ್ ಸೊನ್ನೆ.

ಲೆಕ್ಕ ತೋರಿಸಿದಾಗ ಅಕ್ಕನಿಗೆ ಅವಮಾನವಾದಂತಾಯಿತು. "ಇಪ್ಪತ್ತಾರಕ್ಕೆ ಒಂದೂ ಇಲ್ವಾ? ಇರು." ನನ್ನ ಪಿಡಿಎಫ್ ತೆರೆದು, ಇದ್ದದ್ದೆಲ್ಲ ಆಯ್ದು, ಖಾಲಿ ನೋಟ್‌ಪ್ಯಾಡಿಗೆ ಅಂಟಿಸಿದರು. "ದೊಡ್ಡ ಕಂಪೆನಿಯಲ್ಲಿ ಮೊದಲು ಓದುವುದು ಮನುಷ್ಯ ಅಲ್ಲ, ಗೊತ್ತುಂಟಾ? ಸಾಫ್ಟ್‌ವೇರ್. ಅದಕ್ಕೆ ನೀನು ಹೀಗೆ ಕಾಣ್ತೀ."

ಎರಡು ಕಾಲಂಗಳ ಸಾಲುಗಳು ಒಂದರೊಳಗೊಂದು ನುಗ್ಗಿದ್ದವು. ನನ್ನ ಫೋನ್ ನಂಬರಿನ ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ. ಅಪ್ಪನ ಹೆಸರಿನ ಮುಂದೆ "ಗ್ಯಾಸ್ ಚಾರ್ಜಿಂಗ್" ಎಂದಿತ್ತು. ನಕ್ಷತ್ರಗಳು ಒಂದೂ ಇರಲಿಲ್ಲ. ಹತ್ತೊಂಬತ್ತು ದಿನ ನಾನು ಇಪ್ಪತ್ತಾರು ಕಡೆಗೆ ಕಳಿಸಿದ್ದು ಇದನ್ನು.

ಮತ್ತೆ ಮಾಡಿದೆವು. ಒಂದೇ ಕಾಲಂ, ಫೋಟೋ ಇಲ್ಲ, ಬಣ್ಣ ಇಲ್ಲ. ಜಾಹೀರಾತಿನಲ್ಲಿ ಕೆಲಸಕ್ಕೆ ಯಾವ ಶಬ್ದ ಬಳಸಿದ್ದಾರೋ ಅದೇ ಶಬ್ದ ನಮ್ಮಲ್ಲೂ ಇರಬೇಕು. "ಜವಾಬ್ದಾರಿ ವಹಿಸಿದ್ದೆ" ಎಂಬ ಮಾತು ತೆಗೆದು, ಮಾಡಿದ್ದು ಏನು, ಎಷ್ಟು ಎಂದು ಹಾಕಬೇಕು.

"ಅಂಕಿ ಕೊಡು," ಎಂದರು ಅಕ್ಕ. "ಎಷ್ಟು ಮೆಷಿನ್? ಎಷ್ಟು ಟನ್? ನೀನು ಹಲ್ಲು ಉಜ್ಜಿದ್ದನ್ನೂ ಬರೆದಿಡುವ ಜನ, ಅಂಕಿ ಇಲ್ವಾ?"

ಇತ್ತು. ದಿನಕ್ಕೆ ಎಷ್ಟು ಮಂಜುಗಡ್ಡೆ, ಎರಡು ಕಂಪ್ರೆಸರ್‌ಗಳ ಒತ್ತಡ, ಉಪ್ಪುನೀರಿನ ತೊಟ್ಟಿಯ ತಾಪಮಾನ, ಗಂಟೆಗೊಮ್ಮೆ ತೆಗೆದ ಮೀಟರ್ ರೀಡಿಂಗ್, ಎಲ್ಲವೂ ಇತ್ತು. ಅಷ್ಟೂ ಆ ಖಾಲಿ ಜಾಗದೊಳಗೇ ಇತ್ತು. ಅಪ್ರೆಂಟಿಸ್ ದಿನಗಳಲ್ಲಿ ನಲವತ್ತನಾಲ್ಕು ಏಸಿ ಸರ್ವಿಸ್ ಮಾಡಿದ್ದೆ ಎಂದಷ್ಟೇ ಹೇಳಿದೆ.

ಹೊಸ ರೆಸ್ಯೂಮೆ ಹನ್ನೆರಡು ಕಡೆಗೆ ಹೋಯಿತು, ಎರಡು ಫೋನ್ ಬಂದವು. ಜುಲೈ ೯ರಂದು ಮೊದಲನೆಯದು. "ಎರಡು ವರ್ಷದ ಗ್ಯಾಪ್ ಉಂಟಲ್ಲ?" ಎಂದ ಕೂಡಲೇ ನನ್ನ ಹೆಬ್ಬೆರಳು ತಾನಾಗಿಯೇ ಫೋನ್ ಕಟ್ ಮಾಡಿತು. ಜುಲೈ ೧೧ರಂದು ಎರಡನೆಯದು. ಮನೆಯಲ್ಲಿ ತೊಂದರೆ ಇತ್ತು ಎಂದೆ. "ಎಂತ ತೊಂದರೆ?" ಎಂದು ಕೇಳಿದರು. ಹೀಗೇ, ತೊಂದರೆ ಎಂದೆ. "ಸರಿ, ತಿಳಿಸ್ತೇವೆ" ಎಂದು ಇಟ್ಟರು. ಆಮೇಲೆ ಫೋನನ್ನು ಬೋರಲು ಹಾಕಿಡುವುದು ಅಭ್ಯಾಸವಾಯಿತು. ಕೆಲಸ ಬೇಕೆಂದು ಅರ್ಜಿ ಹಾಕುತ್ತಿದ್ದವನೂ ನಾನೇ, ಫೋನ್ ಬರದಿರಲಿ ಎಂದುಕೊಳ್ಳುತ್ತಿದ್ದವನೂ ನಾನೇ.

ಜುಲೈ ೧೨ರಂದು ಒಂದು ಜಾಹೀರಾತು ಕಂಡಿತು. ಮಣಿಪಾಲದಿಂದ ಕಾರ್ಕಳದ ಕಡೆ ಹೋಗುವ ದಾರಿಯಲ್ಲಿ ಹೊಸ ಶೀತಲ ಗೋದಾಮು, ಅದರ ಯಂತ್ರಗಳನ್ನು ನೋಡಿಕೊಳ್ಳಲು ಯುಟಿಲಿಟಿ ಆಪರೇಟರ್ ಬೇಕು, ಅಮೋನಿಯಾ ಪ್ಲಾಂಟ್ ನಿರ್ವಹಣೆಯ ಅನುಭವ ಇದ್ದವರಿಗೆ ಆದ್ಯತೆ. ಇಷ್ಟು ಸರಿಯಾಗಿ ನನಗೇ ಹೊಂದುವ ಕೆಲಸ ಇನ್ನೊಮ್ಮೆ ಬರುವುದಿಲ್ಲ ಎಂದು ಗೊತ್ತಿತ್ತು. ಖಾಲಿ ಜಾಗ ಇಟ್ಟುಕೊಂಡು ಅದು ಸಿಗುವುದಿಲ್ಲ ಎಂದೂ ಗೊತ್ತಿತ್ತು.

ಜುಲೈ ೧೩, ಭಾನುವಾರ, ಕಾರ್ಕಳಕ್ಕೆ ಹೋದೆ. ಅಲ್ಲಿ ನನ್ನ ಮಾವನದೊಂದು ಏಸಿ, ಫ್ರಿಡ್ಜ್ ರಿಪೇರಿ ಅಂಗಡಿ ಇದೆ. ಮಾವ ಒಂದು ವಾಷಿಂಗ್ ಮೆಷಿನಿನ ಹೊಟ್ಟೆಯೊಳಗೆ ತಲೆ ಹಾಕಿಕೊಂಡೇ ನನ್ನ ಕಥೆ ಕೇಳಿದರು.

"ಇಷ್ಟಕ್ಕೆ ಮುಖ ಹೀಗೆ ಮಾಡುದಾ? ಲೆಟರ್‌ಹೆಡ್ ಉಂಟು, ಸೀಲ್ ಉಂಟು. ಎಲ್ಲಿಂದ ಎಲ್ಲಿಯವರೆಗೆ ಬೇಕು?"

"ಎರಡು ವರ್ಷ ಹಿಂದಿನ ಆಗಸ್ಟಿನಿಂದ ಈ ಫೆಬ್ರವರಿಯವರೆಗೆ."

"ಸಂಬಳ ಎಷ್ಟು ಹಾಕುದು? ಹೇಗೂ ನಾನು ಕೊಡುದಿಲ್ಲ, ಜಾಸ್ತಿಯೇ ಇರಲಿ ಅಲ್ವಾ?"

"ಮಾವ, ಯಾರಾದರೂ ಕೇಳಿದರೆ?"

"ಮಾರಾಯ, ಗಲ್ಫಿಗೆ ಹೋದ ಈ ಊರಿನ ಹುಡುಗರಲ್ಲಿ ಅರ್ಧ ಜನ ಕಾಗದದಲ್ಲಿ ನನ್ನ ಅಂಗಡಿಯಲ್ಲೇ ಕೆಲಸ ಮಾಡಿದ್ದು. ಅಷ್ಟೂ ಜನ ನಿಜಕ್ಕೂ ಇದ್ದಿದ್ದರೆ ನಾನು ಮೂರು ಮಾಳಿಗೆ ಕಟ್ಟುತ್ತಿದ್ದೆ. ಯಾರೂ ಕೇಳ್ಲಿಕ್ಕೆ ಬರಲಿಲ್ಲ."

ನಮ್ಮ ಕಡೆ ಇದನ್ನು ಸುಳ್ಳು ಎಂದು ಯಾರೂ ಹೇಳುವುದಿಲ್ಲ, ಸಹಾಯ ಎನ್ನುತ್ತಾರೆ. ದುಂಡನೆಯ ಸೀಲು ಹೊಡೆದ ಅನುಭವ ಪತ್ರ ಹಿಡಿದು ಬಸ್ಸಿನಲ್ಲಿ ವಾಪಸು ಬರುವಾಗ ಹಗುರವೆನಿಸಿತ್ತು ಎಂದು ಡೈರಿಯಲ್ಲಿದೆ. ಜುಲೈ ೧೪, ಬೆಳಿಗ್ಗೆ ಹನ್ನೊಂದು ಐದಕ್ಕೆ ಮೂವತ್ತೊಂಬತ್ತನೆಯ ಅರ್ಜಿ ಹೋಯಿತು. ಜಾಹೀರಾತಿನ ಶಬ್ದ ಅರ್ಜಿಯಲ್ಲೂ ಇರಬೇಕಲ್ಲ, ಅದಕ್ಕಾಗಿ ಕೌಶಲ್ಯಗಳ ಪಟ್ಟಿಯಲ್ಲಿ "ಅಮೋನಿಯಾ ಪ್ಲಾಂಟ್ ನಿರ್ವಹಣೆ" ಎಂದೂ ಸೇರಿಸಿದ್ದೆ.

ಜುಲೈ ೧೮, ಶುಕ್ರವಾರ, ಮಧ್ಯಾಹ್ನ ಮೂರಕ್ಕೆ ಫೋನ್. ನೇಮಕಾತಿ ವಿಭಾಗದ ಮೇಡಂ. ದನಿ ಮೃದುವಾಗಿಯೇ ಇತ್ತು. ಇಪ್ಪತ್ತನಾಲ್ಕಕ್ಕೆ ಇಂಟರ್‌ವ್ಯೂ ಎಂದರು. ಕಾಗದ ಮಗುಚುವ ಸದ್ದು ಕೇಳಿಸಿತು.

"ಒಂದು ಪ್ರಶ್ನೆ. ನೀವು ಹತ್ತೊಂಬತ್ತು ತಿಂಗಳು ಮನೆ ಏಸಿ ರಿಪೇರಿ ಅಂಗಡಿಯಲ್ಲಿದ್ದದ್ದು. ಅಲ್ಲಿ ಅಮೋನಿಯಾ ಎಲ್ಲಿಂದ ಬಂತು?"

"ಅದು... ಸ್ವಲ್ಪ ಗೊತ್ತುಂಟು ಮೇಡಂ."

"ಸ್ವಲ್ಪ ಅಂದ್ರೆ?"

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಸರಿ. ವೆರಿಫಿಕೇಶನ್ ಫಾರ್ಮ್ ಮೇಲ್ ಮಾಡ್ತೇನೆ. ಇಪ್ಪತ್ತೆರಡರೊಳಗೆ ತುಂಬಿ ಕಳಿಸಿ. ಕಾರ್ಕಳ ನಮಗೆ ಹತ್ತಿರವೇ, ನಮ್ಮವರು ಹೋಗಿ ಅಂಗಡಿ ನೋಡಿ ಬರ್ತಾರೆ."

ಫಾರ್ಮಿನಲ್ಲಿ ಹದಿನಾಲ್ಕು ಖಾನೆಗಳಿದ್ದವು. ಮೇಲ್ವಿಚಾರಕರ ಹೆಸರು, ಹಾಜರಿ ಪುಸ್ತಕದ ಪ್ರತಿ, ಜೊತೆಗೆ ಕೆಲಸ ಮಾಡಿದ ಇಬ್ಬರ ನಂಬರ್. ಮಾವನ ಅಂಗಡಿಯಲ್ಲಿ ಮಾವ ಒಬ್ಬರೇ. ಕೊನೆಯಲ್ಲಿ, ಕೊಟ್ಟ ಮಾಹಿತಿ ಸುಳ್ಳಾದರೆ ಮುಂದೆ ಯಾವ ಹುದ್ದೆಗೂ ಪರಿಗಣಿಸುವುದಿಲ್ಲ ಎಂಬ ಸಾಲು. ಅದರ ಕೆಳಗೆ ಸಹಿಗೆ ಜಾಗ. ನಾನು ಅದನ್ನು ಓದಿ ಎದ್ದು ಹೋಗಿ ವಾಂತಿ ಮಾಡಿದೆ. ಅಮ್ಮ ಬೆಳಗಿನ ಅವಲಕ್ಕಿ ಹಳಸಿರಬೇಕು ಎಂದರು.

ಇಪ್ಪತ್ತರಂದು ಪಡುಬಿದ್ರಿಗೆ ಹೋದೆ. ಐಸ್ ಪ್ಲಾಂಟಿನ ಹಿರಿಯ ಆಪರೇಟರ್ ಇರುವುದು ಅಲ್ಲಿ. ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಪ್ಲಾಂಟ್ ನಿಂತಿತ್ತು, ಅವರು ಮನೆಯಲ್ಲಿದ್ದರು. ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದವರು ಫೆಬ್ರವರಿಯ ನಂತರ ಮೊದಲ ಬಾರಿ ನನ್ನನ್ನು ನೋಡಿ, "ಓ, ಬದುಕಿದ್ದೀಯಾ? ನಾವು ನಿನ್ನ ತಿಥಿಯ ಊಟ ಮಾಡುವ ಅಂತ ಇದ್ದೆವು," ಎಂದರು.

ನಾನು ನಗಲಿಲ್ಲ. ರೆಸ್ಯೂಮೆಯಲ್ಲಿ ಮಾವನ ಅಂಗಡಿ ತೆಗೆದು ಪ್ಲಾಂಟಿನ ಹೆಸರು ಹಾಕಿದರೆ, ವಿಚಾರಿಸುವವರಿಗೆ ನಿಮ್ಮ ನಂಬರ್ ಕೊಡಬಹುದೇ ಎಂದು ಕೇಳಿದೆ.

"ಕೊಡು. ಕೆಲಸ ಗೊತ್ತಿದ್ದವನು, ರೀಡಿಂಗ್ ತಪ್ಪದೆ ಬರೆಯುತ್ತಿದ್ದ ಅಂತ ಹೇಳ್ತೇನೆ. ಅದು ಸತ್ಯ."

"ಜನವರಿಯದ್ದು ಕೇಳಿದರೆ?"

ಅವರು ದಾರ ಕಚ್ಚಿ ತುಂಡು ಮಾಡಿದರು. "ಕೇಳಿದರೆ ನಡೆದದ್ದು ನಡೆದ ಹಾಗೆ ಹೇಳ್ತೇನೆ. ಸುಳ್ಳು ಹೇಳ್ಲಿಕ್ಕೆ ನನಗೆ ಬರುದಿಲ್ಲ ಮಾರಾಯ, ಹೇಳಿದರೆ ಮರುದಿನ ಎಂತ ಹೇಳಿದ್ದೆ ಅಂತ ಮರೆತುಹೋಗ್ತದೆ. ಅದಕ್ಕಿಂತ ಅವರು ಕೇಳುವ ಮೊದಲು ನೀನೇ ಬರೆದುಬಿಡು."

"ಬರೆದರೆ ಕರೆಯುವುದೇ ಇಲ್ಲ."

"ಈಗ ಕರೀತಾ ಇದ್ದಾರಲ್ಲ, ಖುಷಿಯಲ್ಲಿದ್ದೀಯಾ?"

ಬಸ್ಸಿನಲ್ಲಿ ಕಾಪುವಿಗೆ ಇಪ್ಪತ್ತು ನಿಮಿಷ. ಇಳಿಯುವ ಹೊತ್ತಿಗೆ ಬರೆಯುವುದೆಂದು ನಿರ್ಧರಿಸಿದ್ದೆ. ಇದು ಧೈರ್ಯವೆಂದು ಹೇಳಲಾರೆ. ಎರಡು ಹೆದರಿಕೆಗಳಲ್ಲಿ ಯಾವುದು ಒಂದು ದಿನ ಮುಗಿಯುತ್ತದೋ ಅದನ್ನು ಆರಿಸಿಕೊಂಡೆ, ಅಷ್ಟೇ.

ಇಪ್ಪತ್ತೊಂದು, ಇಪ್ಪತ್ತೆರಡು ಎರಡೂ ದಿನ ಅಕ್ಕನ ಅಂಗಡಿಯಲ್ಲಿ. ಪ್ಲಾಂಟಿನ ಹೆಸರು ಹಾಕಿ ಫಾರ್ಮ್ ತುಂಬಿದೆ, ರೆಸ್ಯೂಮೆಯೂ ಬೇಗ ಆಯಿತು. ಖಾಲಿ ಜಾಗಕ್ಕೆ ಈಗ ಏಳು ಸಾಲು ಬಂದವು, ಅಂಕಿಗಳು ತಾವಾಗಿಯೇ ಕೂತವು. ಅಕ್ಕ ಟೈಪ್ ಮಾಡುತ್ತಾ ಮಾಡುತ್ತಾ ನನ್ನ ಕಡೆ ತಿರುಗಿ, "ಇಷ್ಟು ದಿನ ಇದನ್ನು ಎಲ್ಲಿಟ್ಟಿದ್ದೆ? ನನ್ನ ಕೈಯಲ್ಲಿ ಅಷ್ಟೊಂದು ನಕ್ಷತ್ರ ಹಾಕಿಸಿದೆಯಲ್ಲ!" ಎಂದು ಬೈದರು. ಕಷ್ಟವಾದದ್ದು ಕವರ್ ಲೆಟರ್. ಹನ್ನೊಂದು ಕರಡು. ಮೊದಲ ನಾಲ್ಕರಲ್ಲಿ ಸೋರಿಕೆ ಕೊನೆಯ ಸಾಲಿನಲ್ಲಿತ್ತು. ಐದನೆಯದರಲ್ಲಿ "ದುರದೃಷ್ಟವಶಾತ್" ಎಂದಿತ್ತು, ತೆಗೆದೆ. ಎಂಟನೆಯದರಲ್ಲಿ ಕ್ಷಮೆ ಮೂರು ಸಲ ಬಂದಿತ್ತು, ಕೆಲಸ ಒಂದು ಸಲವೂ ಬಂದಿರಲಿಲ್ಲ. ಹನ್ನೊಂದನೆಯದರ ನಡುವಿನ ಭಾಗ, ಇಂಗ್ಲಿಷಿನಲ್ಲಿ ಕಳಿಸಿದ್ದು, ಕನ್ನಡದಲ್ಲಿ ಹೀಗೆ:

"ಈ ಮೊದಲು ನಾನು ಕಳಿಸಿದ ಅನುಭವ ಪತ್ರ ನಿಜವಲ್ಲ. ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಆ ಹತ್ತೊಂಬತ್ತು ತಿಂಗಳು ನಾನು ಅಮೋನಿಯಾ ಐಸ್ ಪ್ಲಾಂಟಿನಲ್ಲಿ ಆಪರೇಟರ್ ಆಗಿದ್ದೆ. ಜನವರಿ ೯ರಂದು ತಣ್ಣನೆಯ ಕೊಳವೆಗಳ ತಳದಲ್ಲಿ ಸೇರಿದ ಎಣ್ಣೆಯನ್ನು ಹೊರಗೆ ಬಿಡುತ್ತಿದ್ದೆ. ಎಣ್ಣೆ ಮುಗಿದ ಕೂಡಲೇ ಗ್ಯಾಸ್ ಬರುತ್ತದೆ, ಆದ್ದರಿಂದ ವಾಲ್ವಿನ ಮೇಲಿಂದ ಕೈ ತೆಗೆಯಬಾರದು. ನಾನು ತೆಗೆದೆ, ನಾಲ್ಕು ಹೆಜ್ಜೆ ದೂರ ಹೋಗಿದ್ದೆ. ಗ್ಯಾಸ್ ಹೊರಬಂತು. ಹಿರಿಯ ಆಪರೇಟರ್ ಒದ್ದೆ ಗೋಣಿ ಮುಖಕ್ಕೆ ಹಿಡಿದು ಬಂದು ವಾಲ್ವ್ ಮುಚ್ಚಿದರು. ಮಂಜುಗಡ್ಡೆ ಎತ್ತುತ್ತಿದ್ದ ಇಬ್ಬರ ಕಣ್ಣಿಗೂ ಗಂಟಲಿಗೂ ಪೆಟ್ಟಾಯಿತು. ತಪ್ಪು ನನ್ನದು."

ಅಕ್ಕ ಎರಡು ಸಲ ಓದಿದರು. "ಯಾರಾದ್ರೂ ಕೆಲಸ ಕೇಳುವಾಗ ಹೀಗೆ ಬರೀತಾರಾ? ಇದು ಪೊಲೀಸ್ ಸ್ಟೇಶನ್ನಿಗೆ ಕೊಡುವ ಕಾಗದದ ಹಾಗೆ ಉಂಟು." ಆಮೇಲೆ ಒಂದು ಅಲ್ಪವಿರಾಮ ಸರಿ ಮಾಡಿ, ಕುರ್ಚಿ ಹಿಂದಕ್ಕೆ ಸರಿಸಿದರು. "ಕಳಿಸುವ ಬಟನ್ ನಾನು ಒತ್ತುದಿಲ್ಲ. ನೀನೇ ಒತ್ತು."

ಜುಲೈ ೨೨, ಸಂಜೆ ನಾಲ್ಕು ನಲವತ್ತು. ಒತ್ತಿದೆ. ಮಾವನಿಗೆ ಫೋನ್ ಮಾಡಿ ತಿಳಿಸಿದಾಗ, "ನನ್ನ ಸೀಲನ್ನು ಸುಳ್ಳು ಅಂತ ಬರೆದು ಕೊಟ್ಟೆಯಾ? ಹಾಗಾದ್ರೆ ಈ ಅಂಗಡಿಯ ಮೆಟ್ಟಿಲು ಹತ್ತಬೇಡ," ಎಂದು ಇಟ್ಟುಬಿಟ್ಟರು. ಈ ಬರಹ ಮುಗಿಸುವವರೆಗೂ ಮಾತಾಡಿಲ್ಲ.

ಇಪ್ಪತ್ತಮೂರರಂದು ಒಂದೂ ಫೋನ್ ಇಲ್ಲ. ಇಂಟರ್‌ವ್ಯೂ ರದ್ದಾಗಿದೆ ಎಂದು ಯಾರೂ ಹೇಳದ ಕಾರಣ ಇಪ್ಪತ್ತನಾಲ್ಕು, ಗುರುವಾರ, ಹತ್ತು ಗಂಟೆಗೆ ಹೋದೆ. ಗೋದಾಮಿನ ಹಿಂದುಗಡೆ ಕಂಪ್ರೆಸರ್ ಓಡುತ್ತಿತ್ತು. ಆ ಸದ್ದು ಕೇಳಿದ್ದು ಐದು ತಿಂಗಳ ನಂತರ. ಅಂಗೈ ಬೆವರಿ ಫೈಲಿನ ಅಂಚು ಒದ್ದೆಯಾಯಿತು.

ಒಳಗೆ ಮೇಡಂ ಇದ್ದರು, ಪಕ್ಕದಲ್ಲಿ ಪ್ಲಾಂಟ್ ಮುಖ್ಯಸ್ಥರು, ಐವತ್ತರ ಹತ್ತಿರದವರು, ಕಿವಿಗೆ ಹಾಕುವ ಸದ್ದುತಡೆ ಇನ್ನೂ ಕುತ್ತಿಗೆಯಲ್ಲೇ ಇತ್ತು. ನನ್ನ ಪತ್ರ ಅವರ ಎದುರು, ಒಂದು ಕಡೆ ಪೆನ್ಸಿಲ್ ಗೆರೆ.

"ನೀವು ನಾಲ್ಕು ಹೆಜ್ಜೆ ದೂರದಲ್ಲಿದ್ದಿರಿ."

"ಹೌದು ಸರ್."

"ನಿಮಗೆ ಏನೂ ಆಗಲಿಲ್ಲ?"

"ಇಲ್ಲ ಸರ್."

"ಮಂಜುಗಡ್ಡೆ ಎತ್ತುವ ಇಬ್ಬರು ಎಷ್ಟು ದೂರ ಇದ್ದರು?"

"ಇಪ್ಪತ್ತು ಅಡಿ ಇರಬಹುದು."

ಅವರು ಪೆನ್ಸಿಲ್ ಕೆಳಗಿಟ್ಟರು. "ಇಪ್ಪತ್ತು ಅಡಿಯಲ್ಲಿದ್ದವರು ಆಸ್ಪತ್ರೆಗೆ ಹೋದರು. ನಾಲ್ಕು ಹೆಜ್ಜೆಯಲ್ಲಿದ್ದ ನಿಮಗೆ ಕಣ್ಣೂ ಉರಿಯಲಿಲ್ಲ. ಇದು ಹೇಗೆ?"

ಆ ನಾಲ್ಕು ಹೆಜ್ಜೆಯನ್ನು ಪತ್ರಕ್ಕಾಗಿ ನಾನು ಹೊಸದಾಗಿ ಕಟ್ಟಿದ್ದಲ್ಲ. ಜನವರಿ ೯ರ ಸಂಜೆಯೇ ಡೈರಿಯಲ್ಲಿ ಹಾಗೆ ಬರೆದಿದ್ದೆ. ಬೇರೆ ಯಾರೂ ಓದದ ಪುಸ್ತಕದಲ್ಲಿ. ಆರು ತಿಂಗಳಲ್ಲಿ ಅದೇ ನಡೆದದ್ದೆಂದು ನನಗೂ ಅನ್ನಿಸತೊಡಗಿತ್ತು.

"ಗೇಟಿನ ಹೊರಗಿದ್ದೆ ಸರ್," ಎಂದೆ. "ಎಣ್ಣೆ ದಪ್ಪಗಿತ್ತು, ನಿಧಾನ ಬರುತ್ತಿತ್ತು. ಇನ್ನೂ ಹತ್ತು ನಿಮಿಷ ಬೇಕು ಅಂದುಕೊಂಡೆ. ಫೋನ್ ಬಂತು. ಕಂಪ್ರೆಸರ್ ಸದ್ದಿಗೆ ಕೇಳುವುದಿಲ್ಲ ಅಂತ ಹೊರಗೆ ಹೋದೆ."

"ಎಷ್ಟು ಹೊತ್ತು?"

"ಏಳು ನಿಮಿಷ ಹನ್ನೆರಡು ಸೆಕೆಂಡ್. ಫೋನಿನಲ್ಲಿ ಆಮೇಲೆ ನೋಡಿಕೊಂಡೆ."

"ಯಾರ ಫೋನ್?"

"ಶನಿವಾರ ಅಂಡರ್‌ಆರ್ಮ್ ಕ್ರಿಕೆಟ್ ಮ್ಯಾಚಿಗೆ ಎಷ್ಟು ಜನ ಅಂತ ಕೇಳಲು ಗೆಳೆಯ ಮಾಡಿದ್ದು."

ಮೇಡಂ ಬರೆಯುವುದನ್ನು ನಿಲ್ಲಿಸಿದರು. ಮುಖ್ಯಸ್ಥರು, "ಪಡುಬಿದ್ರಿಯವರಿಗೆ ನಿನ್ನೆ ನಾನೇ ಫೋನ್ ಮಾಡಿದ್ದೆ. ಅವರೂ ಗೇಟು ಅಂತಲೇ ಹೇಳಿದ್ದು," ಎಂದರು. ಪತ್ರವನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದರು. "ಸರಿ ಮಾಡಿ ಕೊಡಿ."

ನಾಲ್ಕು ಹೆಜ್ಜೆ ಎಂಬುದನ್ನು ಹೊಡೆದು, ಗೇಟಿನ ಹೊರಗೆ, ಏಳು ನಿಮಿಷ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ. ಹದಿನೈದು ದಿನದಲ್ಲಿ ತಿಳಿಸುತ್ತೇವೆ ಎಂದರು. ಅಂದು ಮನೆಗೆ ಬಂದು ಡೈರಿಯ ಜನವರಿ ೯ರ ಪುಟವನ್ನೂ ತಿದ್ದಿದೆ, ತಿದ್ದಿದ ದಿನಾಂಕ ಹಾಕಿ.

ಆ ಹದಿನೈದು ದಿನಗಳಲ್ಲಿ ಇನ್ನೂ ನಾಲ್ಕು ಕಡೆ ಅರ್ಜಿ ಹಾಕಿದೆ, ಹೊಸ ಪತ್ರದೊಂದಿಗೆ, ಏಳು ನಿಮಿಷದೊಂದಿಗೆ. ಮೂರು ಕಡೆಯಿಂದ ಏನೂ ಇಲ್ಲ. ಒಂದು ಕಡೆಯವರು ಫೋನ್ ಮಾಡಿ, ಇಂಥದ್ದನ್ನು ಬರೆಯಲು ಯಾರು ಹೇಳಿದ್ದು ಎಂದು ಕೇಳಿ ಇಟ್ಟರು.

ಆಗಸ್ಟ್ ೮, ಶುಕ್ರವಾರ, ಹದಿನೈದನೆಯ ದಿನ, ಸಂಜೆ ಐದು ಹತ್ತಕ್ಕೆ ಮೇಡಂ ಫೋನ್ ಮಾಡಿದರು. ಆಪರೇಟರ್ ಹುದ್ದೆ ಬೇರೆಯವರಿಗೆ ಹೋಗಿದೆ. ಅದೇ ಪ್ಲಾಂಟಿನಲ್ಲಿ ಹೆಲ್ಪರ್ ಒಬ್ಬರು ಬೇಕು. ಮೊದಲ ವರ್ಷ ಅಮೋನಿಯಾ ಕೋಣೆಯಲ್ಲಿ ಒಬ್ಬನೇ ಇರುವಂತಿಲ್ಲ, ಒಳಗೆ ಹೋಗುವಾಗ ಫೋನ್ ಹೊರಗಿಡಬೇಕು. ನನ್ನ ಪತ್ರವನ್ನು ಪಾಳಿಯ ಎಲ್ಲರೂ ಓದಿದ್ದಾರೆ, ಎಲ್ಲರಿಗೂ ಗೊತ್ತಿರಬೇಕೆಂದು ಮುಖ್ಯಸ್ಥರೇ ಓದಿಸಿದ್ದು. "ಯೋಚನೆ ಮಾಡಿ ಸೋಮವಾರ ಹೇಳಿ," ಎಂದರು.

"ಬರ್ತೇನೆ ಮೇಡಂ," ಎಂದೆ, ಅವರು ವಾಕ್ಯ ಮುಗಿಸುವ ಮೊದಲೇ. ಹದಿನೆಂಟಕ್ಕೆ ಸೇರಬೇಕು. ಒಟ್ಟು ಲೆಕ್ಕ: ಅರ್ಜಿ ನಲವತ್ತಮೂರು, ಫೋನ್ ಐದು, ಇಂಟರ್‌ವ್ಯೂ ಒಂದು, ಕೆಲಸ ಒಂದು, ನಾನು ಕೇಳಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಹೆದರಿಕೆ ಹೋಗಿಲ್ಲ. ಮೊದಲು ಯಾರಿಗಾದರೂ ಗೊತ್ತಾದರೆ ಎಂದಿತ್ತು, ಈಗ ಎಲ್ಲರಿಗೂ ಗೊತ್ತಿರುವ ಕೋಣೆಯೊಳಗೆ ಹೋಗಬೇಕು. ಎಂದಾದರೂ ಒಂದು ದಿನ ಹಿರಿಯರು ಯಾರೋ ಪಕ್ಕದಲ್ಲಿ ನಿಂತು, ಎಣ್ಣೆ ಬಿಡು ಎನ್ನುತ್ತಾರೆ. ಇದನ್ನು ಓದುವವರಲ್ಲಿ ಯಂತ್ರದ ಎದುರು ತಪ್ಪು ಮಾಡಿ, ಮತ್ತೆ ಅದೇ ಯಂತ್ರಕ್ಕೆ ಮರ​ಳಿದವರು ಇರಬಹುದು. ಮೊದಲ ಸಲ ವಾಲ್ವಿನ ಮೇಲೆ ಕೈ ಇಟ್ಟದ್ದು ಹೇಗೆ, ಕೈ ನಡುಗುವುದು ಎಷ್ಟನೆಯ ಸಲಕ್ಕೆ ನಿಂತಿತು, ಅಥವಾ ನಿಲ್ಲಲೇ ಇಲ್ಲವೇ, ಗೊತ್ತಿದ್ದವರು ದಯವಿಟ್ಟು ಬರೆಯಿರಿ. ದಿನಾಂಕ ನೆನಪಿದ್ದರೆ ಅದನ್ನೂ ಹಾಕಿ. ಹದಿನೆಂಟರೊಳಗೆ ಬಂದರೆ ಒಳ್ಳೆಯದು, ತಡವಾದರೂ ನಡೆಯುತ್ತದೆ.